ಸಡಿಲವಾದ ರೋಬೋಟ್ ಕೀಲಿಗೆ ಫೆವಿಕಾಲ್, ನೈಲ್ ಪಾಲಿಶ್, ಸೂಪರ್ ಗ್ಲೂ: ಯಾವುದು ಎಲ್ಲಿ ನಿಲ್ಲುತ್ತದೆ?

ಟ್ರಾನ್ಸ್‌ಫಾರ್ಮರ್ಸ್ ಆಟಿಕೆಯ ಮಜಾ ಇರುವುದೇ ಅದನ್ನು ತಿರುಗಿಸುವುದರಲ್ಲಿ. ಲಾರಿಯನ್ನು ಬಿಡಿಸಿ ರೋಬೋಟ್ ಮಾಡಬೇಕು, ಮತ್ತೆ ಮಡಚಿ ಲಾರಿ ಮಾಡಬೇಕು. ಕೀಲು ಸವೆಯುವುದೂ ಅದರಿಂದಲೇ. ಶೋಕೇಸಿನಲ್ಲಿ ಒಂದೇ ಭಂಗಿಯಲ್ಲಿ ನಿಂತ ಬೊಂಬೆಗೆ ಈ ಕಾಟ ಕಡಿಮೆ. ಸೊಂಟ, ಭುಜ, ಪಾದ ಎಲ್ಲವೂ ಸುತ್ತುವ ಬೊಂಬೆಗೆ ಒಂದಲ್ಲ ಒಂದು ದಿನ ಕಾಲು ಜಾರುತ್ತದೆ. ರಾತ್ರಿ ನೆಟ್ಟಗೆ ನಿಲ್ಲಿಸಿದ್ದು ಬೆಳಿಗ್ಗೆ ಪಕ್ಕದ ಬೊಂಬೆಯ ಮೇಲೆ ಒರಗಿರುತ್ತದೆ. ದುಡ್ಡು ಕೂಡಿಟ್ಟು ತಂದ ವಸ್ತು ಅದು, ನೋಡಿದರೆ ಹೊಟ್ಟೆ ಉರಿಯುತ್ತೆ ಅಲ್ವಾ?

ಇದಕ್ಕೆ ಜನ ಹೇಳುವ ಮದ್ದು ಹತ್ತಾರು. ನಾನು ಮನೆಯಲ್ಲೇ ಸಿಗುವ ಮೂರನ್ನು ಬೇರೆ ಬೇರೆ ಬೊಂಬೆಗಳ ಮೇಲೆ ಹಾಕಿ, ತಿಂಗಳುಗಟ್ಟಲೆ ತಿರುಗಿಸಿ ನೋಡಿದ್ದೇನೆ. ಫೆವಿಕಾಲ್, ಬಣ್ಣವಿಲ್ಲದ ನೈಲ್ ಪಾಲಿಶ್, ಸೂಪರ್ ಗ್ಲೂ. ಅಮೆರಿಕದ ಸಂಗ್ರಾಹಕರು ನೆಲಕ್ಕೆ ಹಚ್ಚುವ ಅಕ್ರಿಲಿಕ್ ಪಾಲಿಶನ್ನು ತುಂಬಾ ಮೆಚ್ಚುತ್ತಾರೆ. ನಮ್ಮ ಅಂಗಡಿಗಳಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ, ಹಾಗಾಗಿ ಇಲ್ಲಿ ಸೇರಿಸಿಲ್ಲ.

ಅಂಟು ಕೈಗೆತ್ತಿಕೊಳ್ಳುವ ಮುಂಚೆ ಒಂದು ಕೆಲಸ ಇದೆ. ಕೀಲು ಯಾವ ಜಾತಿಯದು ಅಂತ ನೋಡಿ. ಕೀಲಿನ ಹತ್ತಿರ ಸ್ಕ್ರೂ ಕಾಣುತ್ತಿದ್ದರೆ ಮೊದಲು ಅದನ್ನು ಕಾಲು ಸುತ್ತು ಬಿಗಿ ಮಾಡಿ. ಎಷ್ಟೋ ಮೊಣಕೈ, ಮೊಣಕಾಲುಗಳಿಗೆ ಬೇಕಾಗಿರುವುದು ಅಷ್ಟೇ. ಸ್ಕ್ರೂಡ್ರೈವರ್ ಮಾತ್ರ ಸ್ಕ್ರೂ ತಲೆಗೆ ಸರಿಯಾಗಿ ಕೂರುವಂಥದ್ದೇ ಇರಬೇಕು. ಗಡಿಯಾರ ರಿಪೇರಿಯ ಚಿಕ್ಕ ಸೆಟ್ ಒಂದಿದ್ದರೆ ಸಾಕಾಗುತ್ತದೆ. ಅಳತೆ ತಪ್ಪಿದ ತುದಿ ತಲೆಯನ್ನು ಉಜ್ಜಿ ಹಾಕುತ್ತದೆ, ಆಮೇಲೆ ಆ ಸ್ಕ್ರೂ ಹೊರಗೆ ಬರುವುದಿಲ್ಲ. ಪೂರ್ತಿ ಬಲ ಹಾಕಿ ತಿರುಗಿಸಲೂ ಬೇಡಿ. ಸ್ಕ್ರೂ ಕಚ್ಚಿಕೊಂಡಿರುವುದು ಪ್ಲಾಸ್ಟಿಕ್ಕಿನಲ್ಲಿ, ಅದು ಒಳಗೇ ಸೀಳಿಬಿಡುತ್ತದೆ.

ತಿರುಗಿಸಿದಾಗ ಕಟ್ ಕಟ್ ಅಂತ ಸದ್ದು ಬಂದರೆ ಅದು ರ‍್ಯಾಚೆಟ್ ಕೀಲು. ಒಳಗೆ ಹಲ್ಲು ಮತ್ತು ಸ್ಪ್ರಿಂಗ್ ಇರುತ್ತವೆ. 2003ರಲ್ಲಿ ಶುರುವಾದ ಮಾಸ್ಟರ್‌ಪೀಸ್ ಸಾಲಿನಂಥ ದೊಡ್ಡ, ಭಾರದ ಬೊಂಬೆಗಳ ಸೊಂಟ, ಭುಜಗಳಲ್ಲಿ ಇದು ಜಾಸ್ತಿ. ಈ ಮೂರು ಮದ್ದುಗಳಲ್ಲಿ ಯಾವುದನ್ನೂ ಇದರೊಳಗೆ ಬಿಡಬೇಡಿ. ಹಲ್ಲಿನ ಸಂದಿಗೆ ಅಂಟು ಹೋದರೆ ಕೀಲಿನ ಕಥೆ ಮುಗಿಯಿತು. ಬಿಚ್ಚಿ, ಸ್ಪ್ರಿಂಗನ್ನು ಚೂರು ಎಳೆದು ಉದ್ದ ಮಾಡಿ ಮತ್ತೆ ಕೂರಿಸುವುದೊಂದೇ ದಾರಿ.

ಹೋಲಿಕೆ ನಿಜವಾಗಿ ಕೆಲಸಕ್ಕೆ ಬರುವುದು ಬಾಲ್ ಜಾಯಿಂಟಿನಲ್ಲಿ, ಅಂದರೆ ಒಂದು ಗುಂಡು ಬಟ್ಟಲಿನಂಥ ಗುಳಿಯಲ್ಲಿ ಕೂತು ತಿರುಗುವ ಕೀಲಿನಲ್ಲಿ. ಜಪಾನಿನ ಟಕಾರಾ ಕಂಪನಿಯ ಡಯಾಕ್ಲೋನ್ ಮತ್ತು ಮೈಕ್ರೋ ಚೇಂಜ್ ಎಂಬ ಆಟಿಕೆ ಸಾಲುಗಳ ಅಚ್ಚುಗಳನ್ನು ತೆಗೆದುಕೊಂಡು ಅಮೆರಿಕದ ಹ್ಯಾಸ್ಬ್ರೋ ಕಂಪನಿ 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಶುರು ಮಾಡಿದಾಗ ಈ ಗುಂಡು ಕೀಲುಗಳು ಅಷ್ಟಾಗಿ ಇರಲಿಲ್ಲ, ಪಿನ್ನು ಹಿಂಜುಗಳೇ ಹೆಚ್ಚು. 1990ರ ದಶಕದ ನಡುವೆ ಬೀಸ್ಟ್ ವಾರ್ಸ್ ಸಾಲು ಬಂದ ಮೇಲೆ ಬಾಲ್ ಜಾಯಿಂಟ್ ಸಾಮಾನ್ಯವಾಯಿತು. ಗುಂಡು ಬಟ್ಟಲಿಗೆ ಉಜ್ಜಿ ಉಜ್ಜಿ ಕೂದಲೆಳೆಯಷ್ಟು ಸವೆದರೂ ಹಿಡಿತ ಹೋಗುತ್ತದೆ. ಹೊರಗೆ ಎಳೆದು ಬೆಳಕಿಗೆ ಹಿಡಿದರೆ ಗುಂಡಿನ ನಡುವಿನಲ್ಲಿ ಒಂದು ಹೊಳೆಯುವ ಪಟ್ಟಿ ಕಾಣುತ್ತದೆ. ಉಜ್ಜಿರುವುದು ಅಲ್ಲೇ. ಪದರ ಕೂರಬೇಕಾದದ್ದೂ ಆ ಪಟ್ಟಿಯ ಮೇಲೆ, ಗುಂಡಿನ ತುದಿಗಲ್ಲ.

ಮೊದಲು ಫೆವಿಕಾಲ್. ಇದಕ್ಕಿಂತ ಸುರಕ್ಷಿತವಾದದ್ದು ಇನ್ನೊಂದಿಲ್ಲ. ಪ್ಲಾಸ್ಟಿಕ್ಕಿಗೆ ಏನೂ ಮಾಡುವುದಿಲ್ಲ. ಇಷ್ಟವಾಗದಿದ್ದರೆ ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ ಉಜ್ಜಿದರೆ ಬಿಟ್ಟುಕೊಳ್ಳುತ್ತದೆ. ಹಾಕಿದ ಮೊದಲ ವಾರ ಹಿಡಿತವೂ ಚೆನ್ನಾಗಿರುತ್ತದೆ, ರಬ್ಬರಿನ ಹಾಗೆ ಮೆತ್ತಗೆ. ಆದರೆ ಆ ಮೆತ್ತಗಿನ ಪದರವೇ ಇದರ ದೌರ್ಬಲ್ಯ. ಬೊಂಬೆಯನ್ನು ಆಗಾಗ ಲಾರಿ ಮಾಡಿ ರೋಬೋಟ್ ಮಾಡಿದರೆ ಪದರ ಸುರುಳಿ ಸುತ್ತಿಕೊಂಡು ಬಟ್ಟಲಿನ ಅಂಚಿನಲ್ಲಿ ಬಿಳಿ ಎಳೆಯಾಗಿ ಹೊರಬರುತ್ತದೆ. ಕೈಯಿಟ್ಟು ಆಡದೆ ನಿಲ್ಲಿಸಿಯೇ ಇಡುವ ಬೊಂಬೆಗೆ, ಅದರಲ್ಲೂ ಬೆಲೆಬಾಳುವ ಹಳೆಯದಕ್ಕೆ, ನಾನು ಮೊದಲು ತೆಗೆಯುವುದು ಇದನ್ನೇ.

ನೈಲ್ ಪಾಲಿಶ್ ನನ್ನ ಆಯ್ಕೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಣಗಿದ ಪದರ ಫೆವಿಕಾಲಿಗಿಂತ ಗಟ್ಟಿ, ಸೂಪರ್ ಗ್ಲೂಗಿಂತ ಮೆದು. ಕೀಲಿಗೆ ಬೇಕಾಗಿರುವುದು ಸರಿಯಾಗಿ ಆ ನಡುವಿನ ಗುಣ. ಕಾಲನ್ನು ತಿರುಗಿಸಿದರೆ ಬೆರಳಿಗೆ ಒಂದೇ ಸಮನೆ ತಡೆ ಸಿಗುತ್ತದೆ, ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುತ್ತದೆ. ಬಾಟಲಿಯ ಬ್ರಷ್ ಬೇಡ, ಅದರಲ್ಲಿ ಪಾಲಿಶ್ ಜಾಸ್ತಿ ಇಳಿಯುತ್ತದೆ. ಟೂತ್‌ಪಿಕ್ ತುದಿಯಲ್ಲಿ ಚೂರೇ ತೆಗೆದುಕೊಂಡು, ಹೊಳೆಯುವ ಪಟ್ಟಿಯ ಸುತ್ತ ತೆಳ್ಳಗೆ ಎಳೆಯಿರಿ. ಗುಂಡನ್ನು ಬಟ್ಟಲಿಗೆ ಹಾಕದೆ ಹೊರಗೇ ಇಟ್ಟು ಒಂದು ರಾತ್ರಿ ಒಣಗಲು ಬಿಡಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ಅವಸರ ಮಾಡಿದರೆ ಬಟ್ಟಲಿನೊಳಗೆ ಉಂಡೆ ಕಟ್ಟುತ್ತದೆ. ಬೆಳಿಗ್ಗೆ ಕೂರಿಸಿ ನೋಡಿ, ಸಾಲದಿದ್ದರೆ ಇನ್ನೊಂದು ಪದರ. ದಪ್ಪಗೆ ಒಂದು ಸಲ ಹಚ್ಚುವುದಕ್ಕಿಂತ ತೆಳ್ಳಗೆ ಎರಡು ಸಲ ಹಚ್ಚುವುದು ಯಾವಾಗಲೂ ಮೇಲು.

ಅದರ ತೊಂದರೆಯನ್ನೂ ಹೇಳಬೇಕು. ನೈಲ್ ಪಾಲಿಶಿನಲ್ಲಿ ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್ ಥರದ ದ್ರಾವಕಗಳು ಇರುತ್ತವೆ. ಬೊಂಬೆಯ ಮೈ ಸಾಮಾನ್ಯವಾಗಿ ಎಬಿಎಸ್ ಪ್ಲಾಸ್ಟಿಕ್, ಈ ದ್ರಾವಕ ಅದರ ಮೇಲ್ಮೈಯನ್ನು ಸ್ವಲ್ಪ ಮೆತ್ತಗೆ ಮಾಡಬಲ್ಲದು. ತೆಳುವಾದ ಪದರದಲ್ಲಿ ಅದು ಬೇಗ ಆರಿಹೋಗುತ್ತದೆ, ದಪ್ಪವಾಗಿ ಮೆತ್ತಿದರೆ ಆಗುವುದಿಲ್ಲ. ಬಣ್ಣ ಬಳಿದ ಭಾಗಕ್ಕೆ ತಾಗಿದರೆ ಬಣ್ಣ ಏಳುತ್ತದೆ. ಪಾರದರ್ಶಕ ಭಾಗದಲ್ಲಿ ಕೀಲಿದ್ದರಂತೂ ಹತ್ತಿರ ತರಲೇಬೇಡಿ, ಒಳಗೆ ಸಣ್ಣ ಬಿರುಕುಗಳು ಹರಡುತ್ತವೆ. ಇನ್ನೊಂದು ಮಾತು. ಹಾಕಿದ್ದನ್ನು ತೆಗೆಯಲು ಪಾಲಿಶ್ ರಿಮೂವರ್ ಬಳಸಬಾರದು. ಅದರಲ್ಲಿನ ಅಸಿಟೋನ್ ಎಬಿಎಸ್ ಅನ್ನೇ ಕರಗಿಸುತ್ತದೆ. ಉಗುರಿನಿಂದ ಕೆರೆದು, ಉಳಿದದ್ದನ್ನು ನುಣ್ಣನೆಯ ಎಮೆರಿ ಕಾಗದದಿಂದ ಉಜ್ಜಿ ತೆಗೆಯಿರಿ.

ಸೂಪರ್ ಗ್ಲೂ ಮೂರರಲ್ಲಿ ಹೆಚ್ಚು ದಿನ ಬಾಳುವುದು, ಅದರಲ್ಲಿ ಎರಡು ಮಾತಿಲ್ಲ. 1958ರಲ್ಲಿ ಈಸ್ಟ್‌ಮನ್ ಕೊಡಕ್ ಮಾರುಕಟ್ಟೆಗೆ ತಂದ ಸೈನೋಅಕ್ರಿಲೇಟ್ ಅಂಟು ಇದು. ಗಾಳಿಯ ತೇವದಿಂದಲೇ ಗಟ್ಟಿಯಾಗುತ್ತದೆ. ಗುಂಡಿನ ಮೇಲೆ ಗಾಜಿನಂಥ ಚಿಪ್ಪು ಕಟ್ಟುತ್ತದೆ. ಭಾರದ ಬೊಂಬೆಯ ಸೊಂಟಕ್ಕೆ ನೈಲ್ ಪಾಲಿಶ್ ಕೆಲವು ತಿಂಗಳಲ್ಲೇ ಸೋಲುತ್ತದೆ. ಅಂಥ ಕಡೆ ಸೂಪರ್ ಗ್ಲೂ ಪದರ ಮೊದಲ ದಿನದ ಬಿಗಿಯನ್ನೇ ಉಳಿಸಿಕೊಂಡಿದೆ.

ಹಚ್ಚುವ ರೀತಿಯ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಹಲವರು ಒಂದು ಹನಿ ಕೀಲಿಗೆ ಬಿಟ್ಟು, ಗಟ್ಟಿಯಾಗುವವರೆಗೆ ಕಾಲನ್ನು ಆಡಿಸುತ್ತಾ ಇರಿ ಅನ್ನುತ್ತಾರೆ. ದಯವಿಟ್ಟು ಬೇಡ. ಕೈ ಒಂದು ಕ್ಷಣ ನಿಂತರೆ ಕೀಲು ಶಾಶ್ವತವಾಗಿ ಕಲ್ಲಾಗುತ್ತದೆ. ಬಿಡಿಸಲು ಹೋದರೆ ಮುರಿಯುವುದು ಗುಂಡಿನ ಕುತ್ತಿಗೆ. ಗುಂಡನ್ನು ಹೊರಗೆ ತೆಗೆದು, ಪದರ ಹಚ್ಚಿ, ಇಡೀ ದಿನ ಬಿಟ್ಟು ಆಮೇಲೆ ಕೂರಿಸಿ. ತೀರಾ ಬಿಗಿಯಾಯಿತಾ? ಸಾವಿರ ನಂಬರಿನ ವಾಟರ್ ಪೇಪರಿನಿಂದ ನಾಲ್ಕು ಸುತ್ತು ಉಜ್ಜಿ ಮತ್ತೆ ನೋಡಿ. ಆಡಿಸುವ ವಿಧಾನದಲ್ಲಿ ಹೀಗೆ ಹದ ಮಾಡಿಕೊಳ್ಳುವ ಅವಕಾಶವೇ ಇಲ್ಲ.

ಸೂಪರ್ ಗ್ಲೂವಿನ ಆವಿ ಸುತ್ತಮುತ್ತ ಬಿಳಿ ಮಂಜಿನಂತೆ ಕೂರುವುದೂ ಇದೆ. ಕಪ್ಪು ಮತ್ತು ಕಡು ನೀಲಿ ಪ್ಲಾಸ್ಟಿಕ್ಕಿನಲ್ಲಿ ಅದು ಎದ್ದು ಕಾಣುತ್ತದೆ. ಹನಿ ಚಿಕ್ಕದಾಗಿರಲಿ, ಕೋಣೆಯಲ್ಲಿ ಗಾಳಿ ಆಡಲಿ. ಪಾರದರ್ಶಕ ಭಾಗಕ್ಕೆ ಇದೂ ಆಗದು.

ಮೂರರಲ್ಲಿ ಯಾವುದೇ ಆಗಲಿ, ಗುಂಡನ್ನು ಬಟ್ಟಲಿನಿಂದ ಹೊರಗೆ ಎಳೆಯುವಾಗಲೇ ಹೆಚ್ಚು ಬೊಂಬೆಗಳು ಒಡೆಯುವುದು. ಹೇರ್ ಡ್ರೈಯರಿನಿಂದ ಬಟ್ಟಲನ್ನು ಬೆಚ್ಚಗೆ ಮಾಡಿ. ಬೆರಳಿಗೆ ಸುಡಬಾರದು, ಅಷ್ಟೇ ಬಿಸಿ. ಪ್ಲಾಸ್ಟಿಕ್ ಕೊಂಚ ಬಾಗುವ ಹಾಗಾದಾಗ ನೇರವಾಗಿ ಎಳೆಯಿರಿ, ತಿರುಚಬೇಡಿ. ಗುಂಡು ಮುಟ್ಟಿದರೆ ಜಾರುವ ಹಾಗೆ, ಮೇಣದಂತೆ ಇದ್ದರೆ ಅದು ಪಿಓಎಂ ಅನ್ನುವ ಜಾರು ಪ್ಲಾಸ್ಟಿಕ್ ಅಥವಾ ನೈಲಾನ್ ಇರಬಹುದು. ಅದರ ಮೇಲೆ ಯಾವ ಪದರವೂ ಚೆನ್ನಾಗಿ ಕಚ್ಚುವುದಿಲ್ಲ. ಅಲ್ಲಿ ಬಟ್ಟಲಿನ ಒಳಮೈಗೆ ಹಚ್ಚಿದರೆ ಪರವಾಗಿಲ್ಲ ಅನ್ನುವಷ್ಟು ಕೆಲಸ ಆಗುತ್ತದೆ.

ಸುಮ್ಮನೆ ಒಂದು ಕಡ್ಡಿ ತೂತಿಗೆ ಹೋಗಿ ತಿರುಗುವಂಥ ಕೀಲುಗಳಿಗೆ, ಅಂದರೆ ಮಣಿಕಟ್ಟು, ಕುತ್ತಿಗೆಗಳಿಗೆ, ಅಂಟೇ ಬೇಕಿಲ್ಲ. ಒಂದು ತೆಳು ಪ್ಲಾಸ್ಟಿಕ್ ಕವರಿನ ಚೂರು ಕತ್ತರಿಸಿ, ತೂತಿನ ಮೇಲಿಟ್ಟು ಕಡ್ಡಿಯನ್ನು ಒಳಗೆ ಒತ್ತಿ, ಹೊರಗೆ ಉಳಿದದ್ದನ್ನು ಬ್ಲೇಡಿನಿಂದ ಕತ್ತರಿಸಿ. ಎರಡು ನಿಮಿಷದ ಕೆಲಸ, ಬೇಡವಾದರೆ ಕಿತ್ತು ಹಾಕಬಹುದು. ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪನ್ನೂ ಪ್ರಯತ್ನಿಸಿದೆ. ಸಂದಿ ತುಂಬುತ್ತದೆ ನಿಜ, ಆದರೆ ಟೆಫ್ಲಾನಿನ ಗುಣವೇ ಜಾರುವುದು, ಜೊತೆಗೆ ಬೇಗ ಎಳೆ ಎಳೆಯಾಗುತ್ತದೆ. ಕವರಿನ ಚೂರೇ ವಾಸಿ.

ಕೊನೆಗೆ, ಕೈಯೇ ಹಾಕಬಾರದ ಒಂದು ಜಾತಿ ಇದೆ. 1980ರ ದಶಕದ ಕೊನೆಯಿಂದ 90ರ ದಶಕದವರೆಗಿನ ಕೆಲವು ಬೊಂಬೆಗಳಲ್ಲಿ ಚಿನ್ನದ ಬಣ್ಣದ, ಸುಳಿಸುಳಿಯಾಗಿ ಮಿನುಗುವ ಪ್ಲಾಸ್ಟಿಕ್ ಇರುತ್ತದೆ. ಅದು ತನ್ನಷ್ಟಕ್ಕೆ ಹಪ್ಪಳದಂತೆ ಪುಡಿಯಾಗುತ್ತದೆ. ಅದರಲ್ಲಿ ಕೀಲು ಎಷ್ಟೇ ಸಡಿಲವಿದ್ದರೂ ಬಿಚ್ಚಬೇಡಿ, ತಿರುಗಿಸಬೇಡಿ. ಒಂದು ಚಿಕ್ಕ ಸ್ಟ್ಯಾಂಡ್ ಆಸರೆ ಕೊಟ್ಟು ನಿಲ್ಲಿಸಿಬಿಡಿ.