ಟೋಸ್ಟ್‌ಮಾಸ್ಟರ್ಸ್: ನನ್ನ ತಪ್ಪುಗಳನ್ನು ಎಣಿಸಿಕೊಟ್ಟ ಜಾಗ

"ಡಿಟರ್ಮಿನ್" ಅನ್ನಬೇಕಾದಲ್ಲಿ "ಡಿಟರ್‌ಮೈನ್" ಅಂದಿದ್ದೆ, ಅಷ್ಟೇ. ಇಂಜಿನಿಯರಿಂಗ್ ಮೊದಲ ಸೆಮಿಸ್ಟರ್, ಗಣಿತದ ಕ್ಲಾಸು. ಹಿಂದಿನ ಬೆಂಚು ನಕ್ಕಿತು, ಮೇಷ್ಟ್ರೂ ನಕ್ಕರು. ಅಲ್ಲಿಂದ ಎರಡೂವರೆ ವರ್ಷ ನಾನು ಕ್ಲಾಸಿನಲ್ಲಿ ಒಂದೇ ಒಂದು ಡೌಟ್ ಕೇಳಲಿಲ್ಲ. ಹತ್ತನೇ ಕ್ಲಾಸಿನವರೆಗೆ "ವೇಗೋತ್ಕರ್ಷ" ಅಂತ ಓದಿ, ಪಿಯುಸಿಗೆ ಬಂದ ಕೂಡಲೇ ಅದು ಆಕ್ಸಿಲರೇಷನ್ ಆಗಿಬಿಟ್ಟ ಕನ್ನಡ ಮೀಡಿಯಂನವರಿಗೆ ಇದು ಗೊತ್ತಿರುತ್ತದೆ. ಲೆಕ್ಕ ಬರುತ್ತೆ, ಬಾಯಿ ಬರಲ್ಲ. ಬರ್ತಾ ಬರ್ತಾ ಲೆಕ್ಕವೂ ಬರಲ್ಲ ಅಂತ ನಾವೇ ನಂಬಿಬಿಡುತ್ತೇವೆ.

ಮೊದಲು ಒಂದು ಸ್ಪೋಕನ್ ಇಂಗ್ಲಿಷ್ ಕೋರ್ಸಿಗೆ (ಹೆಸರು ಬೇಡ ಬಿಡಿ) 6 ಸಾವಿರ ಸುರಿದೆ. ಕನ್ನಡಿ ಮುಂದೆ ನಿಂತು ದಿನಾ 20 ಸಲ "ಐ ಆ್ಯಮ್ ಕಾನ್ಫಿಡೆಂಟ್" ಅನ್ನಿ ಅಂದರು. ಅಂದೆ. ಕನ್ನಡಿಗೆ ನನ್ನ ಬಗ್ಗೆ ಮೊದಲೂ ಏನೂ ತಕರಾರಿರಲಿಲ್ಲ.

ಟೋಸ್ಟ್‌ಮಾಸ್ಟರ್ಸ್‌ಗೆ ಎಳೆದುಕೊಂಡು ಹೋದವನು ರೂಮ್‌ಮೇಟ್. ಹೆಸರು ಕೇಳಿ ಕುಡಿಯುವವರ ಕ್ಲಬ್ಬು ಅಂದುಕೊಂಡಿದ್ದೆ! ನೋಡಿದರೆ ಜನರ ಮುಂದೆ ಮಾತಾಡುವುದನ್ನು ಅಭ್ಯಾಸ ಮಾಡುವ ಕ್ಲಬ್ಬು. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದ ವೈಎಂಸಿಎ ನೆಲಮಾಳಿಗೆಯಲ್ಲಿ ರಾಲ್ಫ್ ಸ್ಮೆಡ್ಲಿ ಅನ್ನುವವರು ಶುರು ಮಾಡಿದ್ದಂತೆ. ಇಲ್ಲಿ ಮೇಷ್ಟ್ರು ಯಾರೂ ಇಲ್ಲ, ನಮ್ಮಂಥವರೇ ಸರದಿ ಮೇಲೆ ಮಾತಾಡುತ್ತಾರೆ, ನಮ್ಮಂಥವರೇ ತಿದ್ದುತ್ತಾರೆ. ಮೊದಲ ಭಾಷಣಕ್ಕೆ ಐಸ್ ಬ್ರೇಕರ್ ಅಂತ ಹೆಸರು, 4ರಿಂದ 6 ನಿಮಿಷ, ವಿಷಯ ನೀವೇ. ನಾಲ್ಕಕ್ಕೆ ಹಸಿರು, ಐದಕ್ಕೆ ಹಳದಿ, ಆರಕ್ಕೆ ಕೆಂಪು ಕಾರ್ಡ್ ತೋರಿಸುತ್ತಾರೆ. ನನಗೆ ಹಸಿರೂ ಕಾಣಲಿಲ್ಲ. ಅದಕ್ಕೆ ಮೊದಲೇ ಬಂದು ಕೂತಿದ್ದೆ.

ಆದರೆ ನನಗೆ ಕೆಲಸ ಮಾಡಿದ್ದು ಭಾಷಣವೂ ಅಲ್ಲ, ಚಪ್ಪಾಳೆಯೂ ಅಲ್ಲ. ಅಲ್ಲಿ ಆ-ಕೌಂಟರ್ ಅಂತ ಒಬ್ಬರಿರುತ್ತಾರೆ. ನೀವು ಎಷ್ಟು ಸಲ "ಆ…", "ಸೋ…", "ಯು ನೋ…" ಅಂದಿರಿ ಅಂತ ಗೀಟು ಹಾಕಿ ಎಣಿಸುವುದು ಅವರ ಕೆಲಸ. ಆವತ್ತು ಬ್ಯಾಂಕಿನಿಂದ ರಿಟೈರ್ ಆದ ಒಬ್ಬ ಅಮ್ಮ ಎದ್ದು ನಿಂತು, ಕನ್ನಡಕ ಮೇಲೆ ಮಾಡಿ, ನನ್ನ ಹೆಸರಿನ ಮುಂದೆ "ಆ 17, ಸೋ 9" ಅಂತ ಓದಿ, ರೇಷನ್ ಪಟ್ಟಿ ಓದಿದ ಹಾಗೆ ಮುಂದಿನ ಹೆಸರಿಗೆ ಹೋದರು. ಯಾರೂ ನಗಲಿಲ್ಲ. ಮುಂದಿನವನದು 22. ಐಟಿ ಮ್ಯಾನೇಜರ್ ಅವನು! ಎರಡೂವರೆ ವರ್ಷ ನಾನು ಹೆದರಿದ್ದು ಯಾವುದಕ್ಕೋ ಅದಕ್ಕೊಂದು ಲೆಕ್ಕ ಸಿಕ್ಕಿತು, 26. ನಾನು ಅಂದುಕೊಂಡಿದ್ದಕ್ಕಿಂತ ತುಂಬಾ ಚಿಕ್ಕದು.

ಏಳನೇ ಸೆಮಿಸ್ಟರ್ ವೈವಾದಲ್ಲಿ, ಅಂದರೆ ಬಾಯಿ ಮಾತಿನ ಪರೀಕ್ಷೆಯಲ್ಲಿ, ಎಕ್ಸ್‌ಟರ್ನಲ್ (ಹೊರಗಿನಿಂದ ಬಂದ ಪರೀಕ್ಷಕರು) ಕೇಳಿದ್ದು ಗೊತ್ತಾಗಲಿಲ್ಲ. ಮೊದಲಾಗಿದ್ದರೆ ತಲೆ ತಗ್ಗಿಸಿ ನಿಂತಿರುತ್ತಿದ್ದೆ. "ಒಂದು ನಿಮಿಷ ಕೊಡಿ ಸರ್" ಅಂದು ಅರ್ಧಂಬರ್ಧ ಉತ್ತರ ಹೇಳಿದೆ, ಅವರು ತಿದ್ದಿದರು, ಮತ್ತೆ ಹೇಳಿದೆ.

ಕೊರತೆ ಇಲ್ಲದಿಲ್ಲ. ಆರು ತಿಂಗಳ ಫೀಸು ಡಾಲರ್ ಲೆಕ್ಕದ್ದು, ಸ್ಟೂಡೆಂಟ್ ಜೇಬಿಗೆ ಭಾರ. ಪಾಠ ಓದದೆ ಹೋದರೆ ಇಲ್ಲಿ ಕಲಿತ ಧೈರ್ಯ ವೈವಾದಲ್ಲಿ ಏನೂ ಮಾಡಲ್ಲ. ಹೊಗಳಿಕೆ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ, ನನಗಂತೂ ಆ ಅಮ್ಮನ ಪಟ್ಟಿಯೇ ಸಾಕು. ಎಲ್ಲ ಕ್ಲಬ್ಬೂ ಒಂದೇ ಥರ ಇರಲ್ಲ, ಎರಡು ಮೂರು ನೋಡಿ ಸೇರಿ. ಬೆಂಗಳೂರಲ್ಲಿ ಕನ್ನಡದಲ್ಲೇ ನಡೆಸುವವರೂ ಇದ್ದಾರೆ.

18 ತುಂಬಿರಬೇಕು. ಗೆಸ್ಟ್ ಆಗಿ ಹೋಗಿ ಸುಮ್ನೆ ಕೂತು ನೋಡಬಹುದು. ಟೇಬಲ್ ಟಾಪಿಕ್ಸ್ ಅಂತ ಒಂದೆರಡು ನಿಮಿಷ ದಿಢೀರ್ ಮಾತಾಡಿಸುವ ಭಾಗಕ್ಕೆ ಗೆಸ್ಟ್‌ಗಳನ್ನೂ ಕರೆಯುತ್ತಾರೆ, ಬೇಡ ಅಂದರೆ ಬಿಡುತ್ತಾರೆ. ನಾನು ಎರಡು ವಾರ ಬೇಡ ಅಂದಿದ್ದೆ.