ಬಿಲ್ಟ್‌ಮೋರ್ ಬಂಗಲೆ: ಕಾಲಿನ ಶಕ್ತಿಯನ್ನು ನೆಲಮಾಳಿಗೆಗೆ ಉಳಿಸಿಕೊಳ್ಳಿ

ಊರಿಂದ ಅಪ್ಪ ಅಮ್ಮನೋ ಅತ್ತೆ ಮಾವನೋ ಬಂದರೆ ಅಮೆರಿಕದ ಷಾರ್ಲೆಟ್‌ನಲ್ಲಿರುವ ನಮ್ಮಂಥವರು ಆಶ್‌ವಿಲ್‌ನ ಬಿಲ್ಟ್‌ಮೋರ್‌ಗೆ, ಅಂದರೆ ವ್ಯಾಂಡರ್‌ಬಿಲ್ಟ್ ಎಂಬ ಭಾರೀ ಶ್ರೀಮಂತ ಮನೆತನದ ಹಳೇ ಬಂಗಲೆಗೆ, ಕರೆದುಕೊಂಡು ಹೋಗುವುದು ಮಾಮೂಲಿ. ಎರಡು ಗಂಟೆ ಡ್ರೈವ್. ಬೆಳಗ್ಗೆ ಹೊರಟರೆ ರಾತ್ರಿ ಊಟಕ್ಕೆ ವಾಪಸ್. ತೀರ್ಥಹಳ್ಳಿಯಿಂದ ಬಂದಿದ್ದ ನಮ್ಮ ಅತ್ತೆಯನ್ನು ಏಪ್ರಿಲ್‌ನಲ್ಲಿ ಕರೆದುಕೊಂಡು ಹೋಗಿದ್ದೆವು. ಟಿಕೆಟ್ ಅಗ್ಗವಲ್ಲ. ಒಬ್ಬರಿಗೆ ನೂರು ಡಾಲರ್ ಆಚೀಚೆ, ಅದೂ ದಿನ ನೋಡಿ ಬದಲಾಗುತ್ತದೆ. ಅತ್ತೆಗೆ ಬೆಲೆ ಹೇಳಲಿಲ್ಲ. ಹೇಳಿದ್ದರೆ ಕಾರಿಂದ ಇಳಿಯುತ್ತಿರಲಿಲ್ಲ.

ಗೇಟಿಂದ ಮನೆಗೆ ಸುಮಾರು ಮೂರು ಮೈಲಿ ರಸ್ತೆ. ಫ್ರೆಡರಿಕ್ ಲಾ ಆಮ್‌ಸ್ಟೆಡ್ ಮಾಡಿದ್ದು, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ವಿನ್ಯಾಸ ಮಾಡಿದವರಲ್ಲೊಬ್ಬ. ತಿರುವಿನ ಮೇಲೆ ತಿರುವು, ಮರ, ತೊರೆ. ಮನೆ ಮಾತ್ರ ಕಾಣುವುದೇ ಇಲ್ಲ. ಕೊನೆಗೆ ಒಮ್ಮೆಲೇ ಎದುರಿಗೆ ಬರುತ್ತದೆ. ದಟ್ಟ ಕಾಡಿನ ಹಾಗೆ ಕಾಣುವ ಈ ಜಾಗದ ಬಹುಪಾಲು ಆಗ ಸತ್ವ ಕಳೆದುಕೊಂಡ ಹೊಲವಾಗಿತ್ತಂತೆ. ಇದನ್ನು ಕೇಳಿ ಅತ್ತೆ ಕಿಟಕಿ ಇಳಿಸಿ ಮತ್ತೊಮ್ಮೆ ನೋಡಿದರು.

ಮನೆ ಕಟ್ಟಲು ಶುರು ಮಾಡಿದ್ದು 1889ರಲ್ಲಿ, ನಮ್ಮ ಲಾಲ್‌ಬಾಗಿನ ಗಾಜಿನ ಮನೆಯ ಕಾಲ. ಮುಗಿದದ್ದು 1895ರ ಕ್ರಿಸ್ಮಸ್ ಹೊತ್ತಿಗೆ. 250 ಕೋಣೆ, ಅದರಲ್ಲಿ 35 ಮಲಗುವ ಕೋಣೆ, 43 ಬಚ್ಚಲುಮನೆ, 65 ಬೆಂಕಿಗೂಡು. ಕಟ್ಟಿಸಿದ ಜಾರ್ಜ್ ವ್ಯಾಂಡರ್‌ಬಿಲ್ಟ್‌ಗೆ ಆಗಿನ್ನೂ ಮದುವೆಯೇ ಆಗಿರಲಿಲ್ಲ. ಆದದ್ದು 1898ರಲ್ಲಿ.

"ಒಬ್ಬ ಹುಡುಗನಿಗೆ ಇಷ್ಟು ಬಚ್ಚಲು ಯಾಕೆ ಮಾರಾಯ್ತಿ? ತೊಳೀತಿದ್ದವರು ಯಾರು?" ಎಂದರು ಅತ್ತೆ.

ನನ್ನ ಪ್ರಕಾರ ಈ ಮನೆಯನ್ನು ನೋಡಬೇಕಾದ ರೀತಿಯೇ ಇದು. 70 ಅಡಿ ಎತ್ತರದ ಊಟದ ಹಾಲ್ ನೋಡಿ, ಕುತ್ತಿಗೆ ನೋಯುತ್ತದೆ. ಲೈಬ್ರರಿಯಲ್ಲಿ ಸ್ವಲ್ಪ ಜಾಸ್ತಿ ನಿಲ್ಲಿ. ಸಾವಿರಾರು ಪುಸ್ತಕ, ಚಾವಣಿ ಪೂರ್ತಿ ಇಟಲಿಯ ಚಿತ್ರಕಾರನ ಕೆಲಸ, ಮೇಲಿನ ಸಾಲಿಗೆ ಹತ್ತಲು ಸುರುಳಿ ಮೆಟ್ಟಿಲು. ಆಮೇಲೆ ಮಲಗುವ ಕೋಣೆಗಳು ಶುರು. ಕೆತ್ತನೆಯ ಮಂಚ, ಪರದೆ, ಕುರ್ಚಿ. ಮತ್ತೆ ಕೆತ್ತನೆಯ ಮಂಚ. ಒಂದೆರಡು ನೋಡಿದ ಮೇಲೆ ಎಲ್ಲ ಒಂದೇ ಥರ. ಅಲ್ಲಿ ಸುಮ್ನೆ ಮುಂದೆ ನಡೆಯಿರಿ.

ಯಾಕೆಂದರೆ ನೆಲಮಾಳಿಗೆ ಬರುವುದು ಕೊನೆಗೆ, ಅಷ್ಟರಲ್ಲಿ ಕಾಲು ಸೋತಿರುತ್ತದೆ. ಅತ್ತೆಯ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ದೊಡ್ಡ ಅಡುಗೆಮನೆ ಒಂದು, ಕೇಕು ಬ್ರೆಡ್ಡಿಗೆ ಬೇರೆ, ಮಾಂಸ ಸುಡುವುದಕ್ಕೆ ಇನ್ನೊಂದು. ಒಳಗೆ ಹೊಕ್ಕು ನಿಲ್ಲುವಷ್ಟು ದೊಡ್ಡ ತಂಪು ಪೆಟ್ಟಿಗೆಗಳು. ಪಾತ್ರೆಯನ್ನು ಮೇಲಕ್ಕೆ ಕಳಿಸುವ ಪುಟ್ಟ ಲಿಫ್ಟು. ಕೆಲಸದವರ ಸಣ್ಣ ಸಣ್ಣ ಕೋಣೆ, ಅವರ ಊಟದ ಮೇಜು. ಬಟ್ಟೆ ಒಗೆಯುವ ಜಾಗದಲ್ಲಂತೂ ಅತ್ತೆ ಕದಲಲಿಲ್ಲ. ಗೋಡೆಯೊಳಗಿಂದ ಡ್ರಾಯರಿನ ಹಾಗೆ ಎಳೆಯುವ ಉದ್ದನೆಯ ಸ್ಟ್ಯಾಂಡುಗಳು. ಒದ್ದೆ ಬಟ್ಟೆ ಹರವಿ ಒಳಗೆ ತಳ್ಳಿದರೆ ಬಿಸಿಗೆ ಒಣಗುತ್ತಿತ್ತು. "ಇದೊಂದು ಆಷಾಢದಲ್ಲಿ ನಮ್ಮನೇಲಿ ಇದ್ದಿದ್ರೆ!" ಅಂದರು. ಮಲೆನಾಡಿನ ಮಳೆಯಲ್ಲಿ ಬಟ್ಟೆ ಒಣಗಿಸಿದವರಿಗೆ ಗೊತ್ತು ಅದರ ಬೆಲೆ, ಅಲ್ವಾ?

ನೆಲಮಾಳಿಗೆಯಲ್ಲೇ ಈಜುಕೊಳವೂ ಇದೆ. 70,000 ಗ್ಯಾಲನ್, ನೀರಿನೊಳಗೂ ದೀಪ. ಕ್ಲೋರಿನ್ ಹಾಕುವ ಕಾಲ ಅಲ್ಲ, ಹಾಗಾಗಿ ನೀರನ್ನು ಆಗಾಗ ಖಾಲಿ ಮಾಡಿ ತುಂಬಬೇಕಿತ್ತು. ಈಗ ಬರಿದಾಗಿದೆ.

ಊಟಕ್ಕೆ ಹಳೇ ಕುದುರೆ ಲಾಯ ಹೋಟೆಲಾಗಿದೆ. ಕುದುರೆ ಕಟ್ಟುತ್ತಿದ್ದ ಗೂಡುಗಳಲ್ಲೇ ಕೂತು ತಿನ್ನಬಹುದು. ನಾವು ಕಾರಿನ ಹತ್ತಿರ ನಿಂತು ಚಿತ್ರಾನ್ನ ತಿಂದೆವು.

ಮಧ್ಯಾಹ್ನ ಪೂರ್ತಿ ತೋಟಕ್ಕೆ ಇಡಿ. ಮನೆಗೆ ಹೊತ್ತು ಗೊತ್ತುಮಾಡಿ ಟಿಕೆಟ್ ಕೊಡುತ್ತಾರೆ, ಬೆಳಗಿನ ಮೊದಲ ಹೊತ್ತು ತಗೊಂಡರೆ ಇದು ಸಾಧ್ಯ. ಏಪ್ರಿಲ್‌ನಲ್ಲಿ ಗೋಡೆ ಸುತ್ತಿದ ತೋಟದಲ್ಲಿ ಟ್ಯುಲಿಪ್ ಸಾಲು ಸಾಲು. ಜನ ಜಾಸ್ತಿ ಫೋಟೋ ಹೊಡೆಯುವುದು ಅಲ್ಲೇ. ನನಗೆ ಅದಕ್ಕಿಂತ ಹಿಡಿಸಿದ್ದು ಅದರಾಚೆಯ ಗಾಜಿನ ಮನೆ. ತಾಳೆ ಜಾತಿಯ ಮರಗಳು, ಜರಿಗಿಡ, ಆರ್ಕಿಡ್ಡು. ಅತ್ತೆಗೆ ಮಾತ್ರ ನಗು. ಅವರ ಊರಲ್ಲಿ ಸೀತಾಳೆ ದಂಡೆ ಎಂಬ ಆರ್ಕಿಡ್ಡು ಹಲಸಿನ ಮರದ ಮೇಲೆ ಯಾರೂ ಕೇಳದೆ ಬೆಳೆಯುತ್ತದೆ. ಇಲ್ಲಿ ಅದರ ನಂಟರಿಗೆ ಬಿಸಿ ಕೋಣೆ, ಹೆಸರಿನ ಫಲಕ, ನೋಡುವುದಕ್ಕೆ ಸಾಲು.

ಇಷ್ಟೆಲ್ಲ ಇಂದಿಗೂ ಅದೇ ಕುಟುಂಬದ ಕೈಯಲ್ಲಿದೆ. ಮೊದಲು 1,25,000 ಎಕರೆ ಇತ್ತು. ಜಾರ್ಜ್ 1914ರಲ್ಲಿ ತೀರಿಕೊಂಡ ಮೇಲೆ ಹೆಂಡತಿ ಈಡಿತ್ ಕಾಡಿನ ದೊಡ್ಡ ಪಾಲನ್ನು ಸರ್ಕಾರಕ್ಕೆ ಮಾರಿದಳು, ಅದೇ ಇಂದಿನ ಪಿಸ್ಗಾ ರಾಷ್ಟ್ರೀಯ ಅರಣ್ಯದ ಮೂಲ. ಈಗ ಉಳಿದಿರುವುದು ಸುಮಾರು 8,000 ಎಕರೆ. 1930ರಿಂದ ಜನರಿಗೆ ತೆರೆದಿದ್ದಾರೆ. ಇಷ್ಟೆಲ್ಲವನ್ನು ನೋಡಿಕೊಳ್ಳಲು ಎಷ್ಟು ಬೇಕು ಎಂದು ಲೆಕ್ಕ ಹಾಕಿದರೆ ಟಿಕೆಟ್ ಬೆಲೆಯ ಮೇಲಿನ ಸಿಟ್ಟು ಸ್ವಲ್ಪ ಇಳಿಯುತ್ತದೆ, ಪೂರ್ತಿ ಅಲ್ಲ.

ಹೋಗುವುದಾದರೆ ಒಳ್ಳೆ ಶೂ ಹಾಕಿ. ಮೊಣಕಾಲು ನೋವಿದ್ದವರನ್ನು ಕರೆದೊಯ್ಯುವ ಮುಂಚೆ ಲಿಫ್ಟು ಎಲ್ಲೆಲ್ಲಿಗಿದೆ ಎಂದು ಫೋನ್ ಮಾಡಿ ಕೇಳಿಕೊಳ್ಳಿ. ಪುಟ್ಟ ಮಕ್ಕಳಿಗೆ ಮನೆಯೊಳಗೆ ಬೇಜಾರಾಗುತ್ತದೆ, ಏನನ್ನೂ ಮುಟ್ಟುವ ಹಾಗಿಲ್ಲ. ವೈನರಿ ಕಡೆ ನಾವು ಹೋಗಲಿಲ್ಲ, ಅತ್ತೆ ಜೊತೆಗಿದ್ದರಲ್ಲ.