ಅದೇ ಶುಗರ್, ಅದೇ ಮಾತ್ರೆ: ಲೆಸ್ಟರ್‌ನಲ್ಲಿ ಐದು ವರ್ಷ, ಮೈಸೂರಿನಲ್ಲಿ ಎರಡು ವರ್ಷ

ನನಗೆ ಶುಗರ್ ಇದೆ ಅಂತ ಗೊತ್ತಾಗಿದ್ದು 2018ರಲ್ಲಿ, ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾಗ. ಐದು ವರ್ಷ ಅಲ್ಲಿ ತೋರಿಸಿಕೊಂಡೆ, ಆಮೇಲೆ ಎರಡು ವರ್ಷ ಮೈಸೂರಿನಲ್ಲಿ. ಮಾತ್ರೆ ಎರಡೂ ಕಡೆ ಮೆಟ್‌ಫಾರ್ಮಿನ್ನೇ.

ಬೇಗ ಕೆಲಸ ಆಗುವುದು ಮೈಸೂರಿನಲ್ಲಿ, ಅದರಲ್ಲಿ ಅನುಮಾನವೇ ಇಲ್ಲ. ಸಂಜೆ ಹೋಗಿ ಟೋಕನ್ ತಗೊಂಡರೆ ಒಂದು ಗಂಟೆಯಲ್ಲಿ ಡಾಕ್ಟರ್ ಸಿಗುತ್ತಾರೆ. ಬೆಳಗ್ಗೆ ರಕ್ತ ಕೊಟ್ಟರೆ ಸಂಜೆಗೆ ರಿಪೋರ್ಟ್ ವಾಟ್ಸಾಪಿಗೆ ಬರುತ್ತದೆ. ಲೆಸ್ಟರ್‌ನಲ್ಲಿ ಬೆಳಗ್ಗೆ 8ಕ್ಕೆ ಸರಿಯಾಗಿ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್, ಕ್ಲಿನಿಕ್ಕಿಗೆ ಫೋನ್ ಹಚ್ಚಬೇಕು, ಎಷ್ಟೋ ಸಲ ಲೈನ್ ಸಿಗುವಷ್ಟರಲ್ಲಿ ಅವತ್ತಿನ ಅಪಾಯಿಂಟ್‌ಮೆಂಟ್ ಮುಗಿದಿರುತ್ತದೆ. ಮಂಡಿ ನೋವಿಗೆ ಸ್ಕ್ಯಾನ್ ಮಾಡಿಸಲು ಐದು ತಿಂಗಳು ಕಾದೆ. ಆ ಐದು ತಿಂಗಳು ಮೆಟ್ಟಿಲು ಇಳಿಯುವಾಗಲೆಲ್ಲ ಊರು ನೆನಪಾಗುತ್ತಿತ್ತು.

ಇಂಗ್ಲೆಂಡಿನಲ್ಲಿ ಚಿಕಿತ್ಸೆ ಎಲ್ಲ ಫ್ರೀ ಅಂತ ಜನ ಹೇಳುವುದೂ ಪೂರ್ತಿ ನಿಜ ಅಲ್ಲ. ನಮ್ಮಂಥ ವೀಸಾದವರು ವರ್ಷಗಳ ಲೆಕ್ಕದಲ್ಲಿ ಆರೋಗ್ಯ ಶುಲ್ಕ ಮೊದಲೇ ಕಟ್ಟಬೇಕು. 2018ರಲ್ಲಿ ಅದು ವರ್ಷಕ್ಕೆ 200 ಪೌಂಡ್ ಇತ್ತು, 2024ರಿಂದ 1,035 ಪೌಂಡ್ ಆಗಿದೆ, ಅಂದರೆ ತಲೆಗೆ ಲಕ್ಷ ರೂಪಾಯಿಗಿಂತ ಜಾಸ್ತಿ. ಆದರೆ ಶುಗರ್ ಮಾತ್ರೆ ತಗೊಳ್ಳುವವರಿಗೆ ಅಲ್ಲಿ ಔಷಧಿಗೆ ದುಡ್ಡು ಕೊಡಬೇಕಾಗಿಲ್ಲ, ಶುಗರಿನದ್ದಲ್ಲದ ಮಾತ್ರೆಗೂ ಕೊಡಬೇಕಾಗಿಲ್ಲ.

ಊರೇ ಮೇಲು ಅಂತಿದ್ದ ನನ್ನ ಮನಸ್ಸು ಬದಲಾಗಿದ್ದು ಮಾತ್ರ ವರ್ಷಕ್ಕೊಮ್ಮೆ ಮನೆಗೆ ಬರುತ್ತಿದ್ದ ಕಾಗದದಿಂದ. ‘ನಿಮ್ಮ ತಪಾಸಣೆಗೆ ಬನ್ನಿ’ ಅಂತ ಅವರೇ ಕರೆಯುತ್ತಿದ್ದರು. ರಕ್ತ, ಮೂತ್ರ, ಬಿಪಿ ನೋಡಿ ಆದ ಮೇಲೆ ನರ್ಸಮ್ಮ ನನ್ನ ಸಾಕ್ಸ್ ಬಿಚ್ಚಿಸಿ, ಸಣ್ಣ ಪ್ಲಾಸ್ಟಿಕ್ ಎಳೆಯಿಂದ ಅಂಗಾಲಿನ ಅಲ್ಲಲ್ಲಿ ಒತ್ತಿ ‘ಗೊತ್ತಾಗ್ತಾ ಇದೆಯಾ?’ ಅಂತ ಕೇಳುತ್ತಿದ್ದರು. ಕಣ್ಣಿನ ಪರೀಕ್ಷೆಗೆ ಬೇರೆಯೇ ಕಾಗದ ಬರುತ್ತಿತ್ತು. ಮೈಸೂರಿನಲ್ಲಿ ಎರಡು ವರ್ಷದಲ್ಲಿ ಯಾರೂ ನನ್ನ ಪಾದ ನೋಡಿಲ್ಲ. ನಾನು ಆರು ತಿಂಗಳು ಹೋಗದೇ ಇದ್ದರೂ ಯಾಕೆ ಬರಲಿಲ್ಲ ಅಂತ ಕೇಳುವವರಿಲ್ಲ. ನನ್ನ ಕಾಯಿಲೆಯ ಚರಿತ್ರೆ ಪೂರ್ತಿ ಮನೆಯಲ್ಲಿರುವ ಒಂದು ಪ್ಲಾಸ್ಟಿಕ್ ಕವರಿನಲ್ಲಿದೆ.

2018ರಲ್ಲೇ ಆಯುಷ್ಮಾನ್ ಭಾರತ್ ಬಂತು, ಬಡ ಕುಟುಂಬದ ಆಸ್ಪತ್ರೆ ಖರ್ಚಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಲೆಸ್ಟರ್‌ನಲ್ಲಿ ಕೂತು ಸುದ್ದಿ ಓದಿ ನಾನು ಖುಷಿಪಟ್ಟಿದ್ದೆ, ಇನ್ನು ನಮ್ಮ ಕಡೆಯೂ ಚಿಂತೆ ಇಲ್ಲ ಅಂತ. ಈಗ ಹಾಗನ್ನಿಸುವುದಿಲ್ಲ. ಹಾಸನದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ದೊಡ್ಡಪ್ಪನಿಗೂ ಶುಗರ್. ಅಡ್ಮಿಟ್ ಆದರೆ ಕಾರ್ಡ್ ನಡೆಯುತ್ತದೆ, ತಿಂಗಳ ಮಾತ್ರೆಗೆ ನಡೆಯುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಇಲ್ಲದ ದಿನ ಅವರು ಮೆಡಿಕಲ್ ಶಾಪಿನಲ್ಲಿ ಕೊಳ್ಳಬೇಕು, ಕೈಯಲ್ಲಿ ದುಡ್ಡಿಲ್ಲದಿದ್ದರೆ ಸುಮ್ನೆ ಬಿಟ್ಟುಬಿಡುತ್ತಿದ್ದರು. ಶುಗರಿನಿಂದ ಪಾದದ ಸ್ಪರ್ಶ ಕಡಿಮೆಯಾಗಿ, ಕಾಲಿಗೆ ಗಾಯ ಆಗಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಕೊನೆಗೆ ಒಂದು ಬೆರಳು ತೆಗೆಯಬೇಕಾಯಿತು, ಆ ಆಪರೇಷನ್ ಖರ್ಚನ್ನು ಕಾರ್ಡ್ ಕೊಟ್ಟಿತು.

ಕಾರ್ಡ್ ಬೇಡ ಅಂತ ನಾನು ಹೇಳುತ್ತಿಲ್ಲ, ಅದಿಲ್ಲದಿದ್ದರೆ ದೊಡ್ಡಪ್ಪ ಸಾಲ ಮಾಡುತ್ತಿದ್ದರು. ಆದರೆ ಮೊದಲ ದುಡ್ಡು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿನ ನರ್ಸಿಗೆ, ತಪ್ಪದೆ ಸಿಗುವ ಮಾತ್ರೆಗೆ ಹೋಗಬೇಕು. ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾದಾಗ ನನಗೆ ಲೆಸ್ಟರ್‌ನ ಆ ಕಾಗದವೇ ನೆನಪಾಯಿತು. ನಿಮ್ಮ ಮನೆಯಲ್ಲಿ ಶುಗರ್ ಇರುವ ಹಿರಿಯರಿದ್ದರೆ ಇವತ್ತೇ ಅವರ ಅಂಗಾಲು ತಿರುಗಿಸಿ ನೋಡಿ, ಬೆರಳುಗಳ ಸಂದಿಯನ್ನೂ ಬಿಡಬೇಡಿ.